ನನ್ನನ್ನು ಅತ್ತೆ ಎನ್ನುತ್ತಿದ್ದವನು

ನನ್ನ ಗಂಡ ಮದುವೆಗೆ ಮುಂಚೆ ನನ್ನನ್ನು ಅತ್ತೆ ಎಂದು ಕರೆಯುತ್ತಿದ್ದ. ನಗಬೇಡಿ. ನಗಲೇಬೇಕೆಂದಿದ್ದರೆ ಪೂರ್ತಿ ಕೇಳಿ ಆಮೇಲೆ ನಗಿ, ನಾನೂ ಜೊತೆಗೂಡುತ್ತೇನೆ. ಅರ್ಧ ಕೇಳಿ ಹಲ್ಲು ಕಿಸಿಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನಮ್ಮ ಬೀದಿಯಲ್ಲಿ ಯಾರನ್ನು ಬೇಕಾದರೂ ಕೇಳಿ ನೋಡಿ.

ನಮ್ಮದು ತಗಡಿನ ಪೆಟ್ಟಿಗೆ ಮಾಡುವ ಮನೆ. ಮನೆತನದ ಹೆಸರೂ ಪೆಟ್ಟಿಗೆ. ಅಜ್ಜನ ಅಜ್ಜನ ಕಾಲದಿಂದ ನಮ್ಮೆಲ್ಲರ ಹೆಸರಿನ ಕೊನೆಗೆ ಅದು ಅಂಟಿಕೊಂಡು ಬಂದಿದೆ. ಅಂಗಡಿಯ ಬೋರ್ಡಿನಲ್ಲೂ ಅದೇ. ಮುಚ್ಚಳದ ಒಳಮಗ್ಗುಲಿಗೆ ಹೊಡೆಯುವ ಉಕ್ಕಿನ ಅಚ್ಚಿನಲ್ಲೂ ಪುಟ್ಟದೊಂದು ಪೆಟ್ಟಿಗೆಯದೇ ಚಿತ್ರ. ಆ ಮನೆಯ ಅಚ್ಚಿನ ಪಕ್ಕಕ್ಕೆ ಪೆಟ್ಟಿಗೆ ಮಾಡಿದ ಕೆಲಸಗಾರನ ಸ್ವಂತ ಅಚ್ಚು ಬೀಳಬೇಕು, ಅದು ಅಂಗಡಿಯ ಪದ್ಧತಿ. ಒಬ್ಬನದು ನಕ್ಷತ್ರ, ಇನ್ನೊಬ್ಬನದು ಎಲೆ. ನಾಳೆ ಕೀಲು ಕಳಚಿದರೆ, ಕೊಂಡಿ ಬಿಟ್ಟರೆ, ಯಾರನ್ನು ಹಿಡಿದು ಬೈಯಬೇಕೆಂದು ಗೊತ್ತಾಗಬೇಕಲ್ಲ.

ಅಂಗಡಿಯ ಯಜಮಾನ ನನ್ನ ಅಣ್ಣ. ಅಣ್ಣ ಎಂದರೆ ಅಪ್ಪನ ಮೊದಲ ಹೆಂಡತಿಯ ಮಗ. ಆಕೆ ತೀರಿಕೊಂಡು ಎಷ್ಟೋ ಕಾಲವಾದ ಮೇಲೆ, ಅಣ್ಣನಿಗೆ ಮೀಸೆ ಬಂದು ಮದುವೆಯೂ ಆದ ಮೇಲೆ, ಅಪ್ಪ ನನ್ನ ಅಮ್ಮನನ್ನು ಮದುವೆಯಾದ. ನಾನು ಅಂಬೆಗಾಲಿಡುತ್ತಿರುವಾಗಲೇ ಅಪ್ಪ ಹೋಗಿಬಿಟ್ಟ. ಅಮ್ಮ ನನ್ನನ್ನು ಎತ್ತಿಕೊಂಡು ತನ್ನ ತವರಿಗೆ ಹೋದಳು. ಅಲ್ಲಿ ಸೋದರಮಾವನಿಗೆ ಬೋರ್ಡು ಬರೆಯುವ ಕೆಲಸವಿತ್ತು. ಅವನ ಪಕ್ಕದಲ್ಲಿ ಕೂತು ನಾನು ಹೂವು, ಬಳ್ಳಿ, ಅಕ್ಷರ ಎಲ್ಲ ಬರೆಯಲು ಕಲಿತೆ. ಅಮ್ಮನೂ ಹೋದ ಮೇಲೆ ಅಣ್ಣ ಬಂದು, "ನನ್ನ ತಂಗಿ ಬೇರೆಯವರ ಮನೇಲಿ ಯಾಕಿರ್ಬೇಕು? ನಡಿ" ಎಂದು ಕೈಹಿಡಿದು ಕರೆದುಕೊಂಡು ಬಂದ. ಆಗ ನಾನು ಮದುವೆಗೆ ಬೆಳೆದು ನಿಂತ ಹುಡುಗಿ.

ಗಾಡಿಯಿಂದ ಇಳಿಯುತ್ತಿದ್ದಂತೆ ನನ್ನ ಸಾಮಾನಿಗೆ ಒಬ್ಬ ಕೈ ಹಾಕಿದ. ಕಂಬದಷ್ಟು ಉದ್ದ, ಕೆನ್ನೆಯ ತುಂಬ ಗಡ್ಡ, ನನಗಿಂತ ಏನಿಲ್ಲವೆಂದರೂ ಎರಡು ವರ್ಷ ದೊಡ್ಡವನು.

"ಅತ್ತೆ, ಬಿಡಿ, ನಾನು ಹೊರ್ತೀನಿ" ಎಂದ.

ನಾನು ಹಿಂದೆ ತಿರುಗಿ ನೋಡಿದೆ, ಯಾವುದಾದರೂ ಮುದುಕಿ ನಿಂತಿದ್ದಾಳೇನೋ ಎಂದು. ಯಾರೂ ಇರಲಿಲ್ಲ.

"ಇವ್ನು ನನ್ನ ಮಗ. ನಿಂಗೆ ಅಳಿಯ ಆಗ್ಬೇಕು" ಎಂದು ಅಣ್ಣ ಹೆಮ್ಮೆಯಿಂದ ಅವನ ಬೆನ್ನಿಗೆ ಗುದ್ದಿದ. ಬೀದಿಯವರು ಅವನನ್ನು ಮರಿಪೆಟ್ಟಿಗೆ ಎನ್ನುತ್ತಿದ್ದರು, ಅಣ್ಣನನ್ನು ದೊಡ್ಡಪೆಟ್ಟಿಗೆ. ಈ ವಯಸ್ಸಿಗೆ ಇಷ್ಟುದ್ದದವನಿಗೆ ಅತ್ತೆಯಾದೆನಲ್ಲ ಎಂದು ನನಗೆ ಮೊದಲ ದಿನವೇ ಸಿಟ್ಟು ಬಂತು.

ಅವನು ಅಣ್ಣ ಹೆತ್ತ ಮಗನಲ್ಲ. ಇದು ಮನೆಯವರಿಗೂ ಗೊತ್ತಿತ್ತು, ಬೀದಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಯಾರೂ ಬಾಯಿಬಿಡುತ್ತಿರಲಿಲ್ಲ, ಅಷ್ಟೇ. ಅಣ್ಣನಿಗೆ ಒಬ್ಬ ಗೆಳೆಯನಿದ್ದ, ಹೊಳೆಯ ಆಚೆ ದಡದಿಂದ ನಮ್ಮ ಅಂಗಡಿಗೆ ತಗಡಿನ ಹೊರೆ ದಾಟಿಸಿ ತರುವ ದೋಣಿಯವನು. ಅವರ ಮನೆತನದ ಹೆಸರೂ ದೋಣಿ. ಹೆಂಡತಿ ಬಾಣಂತನದಲ್ಲೇ ಹೋಗಿದ್ದಳು. ಮುಂದೆ ಅವನಿಗೂ ಜ್ವರ ಬಂದು ಕೆಲವೇ ದಿನಗಳಲ್ಲಿ ತೀರಿಕೊಂಡ. ಮಣ್ಣು ಮಾಡಿದ ಸಂಜೆಯೇ ಅಣ್ಣ ಆ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಮನೆಗೆ ಬಂದ. ಅತ್ತಿಗೆಗೆ ಮಕ್ಕಳಿರಲಿಲ್ಲ. ಶಾಲೆಗೆ ಸೇರಿಸುವಾಗ ಅಪ್ಪನ ಜಾಗದಲ್ಲಿ ಅಣ್ಣ ತನ್ನ ಹೆಸರು ಹೇಳಿ, ಹುಡುಗನ ಹೆಸರಿನ ಕೊನೆಗೆ ಪೆಟ್ಟಿಗೆ ಎಂದು ಸೇರಿಸಿಬಿಟ್ಟ. ನಿಮ್ಮಪ್ಪ ಎಲ್ಲಿ ಎಂದು ಯಾರೂ ಆ ಮಗುವನ್ನು ಕೇಳಬಾರದು, ಅದು ಅವನ ವಾದ. ಅಂದಿನಿಂದ ಗೆಳೆಯನ ಮಾತನ್ನೇ ಅವನು ಎತ್ತಲಿಲ್ಲ.

ನಾನು ಬಂದ ವಾರಕ್ಕೆ ಅಂಗಡಿಯ ಹಿಂದಿನ ಕೋಣೆ ನನ್ನದಾಯಿತು. ಅಲ್ಲಿ ಕೂತು ಮುಚ್ಚಳಗಳ ಮೇಲೆ ಹೂವು ಬರೆಯುವುದು ನನ್ನ ಕೆಲಸ. ಮುಂದಿನ ಕೋಣೆಯಲ್ಲಿ ತಗಡು ಕತ್ತರಿಸುವುದು, ಅಂಚು ಮಡಿಸುವುದು, ಮರದ ಸುತ್ತಿಗೆಯಿಂದ ಬಡಿದು ಮೂಲೆ ಕೂರಿಸುವುದು. ಕಿವಿ ಗಡಚಿಕ್ಕುವ ಸದ್ದು. ಆ ಸದ್ದಿನ ಮೇಲೆ ಕೂಗಿ ಕೂಗಿ ನಮ್ಮ ಮನೆಯಲ್ಲಿ ಎಲ್ಲರದೂ ದೊಡ್ಡ ಗಂಟಲು. ಮರಿಪೆಟ್ಟಿಗೆ ಮುಚ್ಚಳಗಳನ್ನು ತಂದು ಬಾಗಿಲಲ್ಲಿಟ್ಟು, "ಅತ್ತೆ, ಮುಚ್ಚಳ" ಎಂದು ಕೂಗುತ್ತಿದ್ದ. ಒಂದು ದಿನ ಯಾರೋ ಮಾಡಿದ ಮುಚ್ಚಳದ ಅಂಚು ತಗುಲಿ ನನ್ನ ಬೆರಳು ಸೀಳಿತು. ಮರುದಿನದಿಂದ ನನ್ನ ಕೋಣೆಗೆ ಬರುವ ಒಂದೊಂದು ಮುಚ್ಚಳದ ಅಂಚೂ ಸೋಪಿನ ಹಾಗೆ ನುಣ್ಣಗಿರುತ್ತಿತ್ತು. ಎಲ್ಲರೂ ಊಟಕ್ಕೆ ಹೋದಾಗ ಅವನೊಬ್ಬನೇ ಕೂತು ಅರ ಹಾಕಿ ಉಜ್ಜುತ್ತಿದ್ದ. ಅವನು ಬಾಯಿಬಿಟ್ಟು ಹೇಳಲಿಲ್ಲ. ನಾನು ಕಣ್ಣಾರೆ ನೋಡಿದೆ.

ನೋಡಿದ ಮೇಲೆ ಅವನು ಅತ್ತೆ ಎಂದಾಗಲೆಲ್ಲ ನನಗೆ ಬೆಂಕಿ ಹತ್ತಿಕೊಳ್ಳುತ್ತಿತ್ತು. ಒಂದು ಮಧ್ಯಾಹ್ನ ಹಸಿರು ಬಣ್ಣದ ಡಬ್ಬಿ ಕೈಯಲ್ಲಿತ್ತು, ತಡೆಯಲಾಗಲಿಲ್ಲ.

"ಇನ್ನೊಂದು ಸಲ ಅತ್ತೆ ಅಂದ್ರೆ ಈ ಡಬ್ಬಿ ಪೂರ್ತಿ ನಿನ್ನ ಗಡ್ಡಕ್ಕೆ!"

ಅವನು ಮುಚ್ಚಳ ಅಡ್ಡ ಹಿಡಿದುಕೊಂಡು ಹಿಂದೆ ಸರಿದ. "ಮತ್ತೆ ಏನಂತ ಕರೀಲಿ?"

"ಏನೂ ಕರೀಬೇಡ. ಸುಮ್ನೆ ಬಾ."

ಅವನ ಮುಖ ಕೆಂಪಾಯಿತು. ನನ್ನ ಮುಖ ಹೇಗಾಗಿತ್ತೋ ನನಗೆ ಗೊತ್ತಿಲ್ಲ. ಆವತ್ತಿನಿಂದ ಅವನು ಬಾಗಿಲಲ್ಲಿ ನಿಂತು ಬರೀ ಗಂಟಲು ಸರಿಮಾಡಿಕೊಳ್ಳತೊಡಗಿದ. ಆ ಗಂಟಲಿನ ಸದ್ದಿಗಾಗಿ ನಾನು ಬೆಳಗಿನಿಂದ ಕಾಯುತ್ತಿದ್ದೆ, ಸುಳ್ಳೇಕೆ ಹೇಳಲಿ.

ಗುಟ್ಟು ಹೊರಬಿದ್ದದ್ದು ಆ ಮೌನದಿಂದಲೇ. ಅತ್ತಿಗೆಯ ಕಿವಿ ಬಲು ಚುರುಕು. ಊಟಕ್ಕೆ ಕೂತಾಗ ತಟ್ಟೆಗೆ ಬಡಿಸುತ್ತಾ ಅಣ್ಣನಿಗೆ ಹೇಳಿದಳು: "ರೀ, ನಿಮ್ಮ ತಂಗಿಗೆ ಗಂಡು ಹುಡ್ಕೋಕೆ ಊರೂರು ಅಲೀಬೇಡಿ. ಗಂಡು ನಮ್ಮ ಅಂಗಡೀಲೇ ಗಂಟಲು ಕೆರ್ಕೊಂಡು ನಿಂತಿದಾನೆ."

ಅಣ್ಣನಿಗೆ ತುತ್ತು ನೆತ್ತಿಗೆ ಹತ್ತಿತು. ನೀರು ಕುಡಿದು, ಕೆಮ್ಮಿ, ಮತ್ತೆ ನೀರು ಕುಡಿದ. "ತೋಬಾ ತೋಬಾ! ಏನೇ ಮಾತಾಡ್ತಿದೀಯ? ಅತ್ತೆ ಅವ್ಳು! ಅಳಿಯ ಅವ್ನು!"

"ಯಾವ ಸೀಮೆ ಅತ್ತೆ?" ಎಂದು ನಾನೇ ಬಾಯಿ ಹಾಕಿದೆ. ಮರಿಪೆಟ್ಟಿಗೆ ತಟ್ಟೆಯಲ್ಲಿ ಏನೋ ಕಳೆದುಕೊಂಡವನಂತೆ ತಲೆ ತಗ್ಗಿಸಿದ್ದ.

ಜಗಳ ಬಗೆಹರಿಯದೆ ನಾಲ್ಕೂ ಜನ ಮಸೀದಿಯ ಪಕ್ಕದ ಇಮಾಮರ ಕೋಣೆಗೆ ಹೊರಟೆವು. ಇಮಾಮರು ಸಣ್ಣ ಆಳು, ಮೆಲುದನಿ, ಕನ್ನಡಕ ಸದಾ ಹಣೆಯ ಮೇಲೆ. ಅವರ ಪುಸ್ತಕಗಳೆಲ್ಲ ಇದ್ದದ್ದು ನಮ್ಮ ಅಂಗಡಿಯದೇ ಒಂದು ದೊಡ್ಡ ಪೆಟ್ಟಿಗೆಯಲ್ಲಿ. ಎಲ್ಲ ಕೇಳಿದ ಮೇಲೆ ಅವರು ಅತ್ತಿಗೆಯತ್ತ ತಿರುಗಿದರು.

"ತಾಯಿ, ಈ ಹುಡುಗನಿಗೆ ನೀವು ಎದೆಹಾಲು ಕುಡಿಸಿದ್ರಾ? ಇಲ್ಲ ಇವಳ ತಾಯಿ, ಈ ಮನೆಯವರು ಯಾರಾದ್ರೂ? ಹಾಲು ಕುಡಿಸಿದೋರೂ ನಮ್ಮಲ್ಲಿ ತಾಯೀನೇ."

"ಎಲ್ಲಿ ಬಂತು ಹಜರತ್? ಬಂದಾಗ್ಲೇ ಬಾಯ್ತುಂಬ ಹಲ್ಲಿತ್ತು. ಮೊದಲ್ನೇ ದಿನಾನೇ ನನ್ನ ಕೈ ಕಚ್ಚಿದಾನೆ, ಇಗೋ ನೋಡಿ" ಎಂದು ಅತ್ತಿಗೆ ಕೈ ಮುಂದೆ ಮಾಡಿದಳು. ಗುರುತೇನೂ ಇರಲಿಲ್ಲ.

"ಹಂಗಾದ್ರೆ ರಕ್ತದ ಸಂಬಂಧ ಇಲ್ಲ, ಹಾಲಿನ ಸಂಬಂಧಾನೂ ಇಲ್ಲ. ಇವರಿಬ್ರೂ ಮದ್ವೆ ಆಗ್ಬಹುದು. ಧಾರಾಳವಾಗಿ ಆಗ್ಬಹುದು."

ನನ್ನ ಎದೆಯೊಳಗೆ ಒಮ್ಮೆಗೇ ನೂರು ಸುತ್ತಿಗೆ ಬಡಿದವು. ಆದರೆ ಇಮಾಮರ ಮಾತು ಮುಗಿದಿರಲಿಲ್ಲ.

"ಒಂದು ತೊಡಕಿದೆ. ನಿಕಾಹ್ ಓದೋವಾಗ ಇವನ ಹೆಸರು, ಇವನಪ್ಪನ ಹೆಸರು ಹೇಳ್ಬೇಕು. ಈಗ ಇರೋ ಹೆಸರಲ್ಲಿ ಹೇಳಿದ್ರೆ, ಮಗ ತನ್ನ ಅಪ್ಪನ ತಂಗೀನೇ ಮದ್ವೆ ಆದ ಹಂಗಾಗುತ್ತೆ. ಕೇಳ್ದೋರು ಕಲ್ಲು ಹೊಡೀತಾರೆ. ಮೊದ್ಲು ಇವನ ಹೆಸರು ಇವನಿಗೆ ವಾಪಸ್ ಬರ್ಲಿ."

"ಇವನ ಹೆಸರು ಇವನ ಹತ್ರಾನೇ ಇದೆಯಲ್ಲ, ಪೆಟ್ಟಿಗೆ ಅಂತ" ಎಂದ ಅಣ್ಣ.

"ಅದು ನಿಮ್ಮದು ಸಾಹೇಬ್ರೇ. ಅನಾಥ ಮಗೂನ ಸಾಕಿದ್ರಿ, ಅದರ ಪುಣ್ಯ ಅಲ್ಲಾಹ್‌ನೇ ಲೆಕ್ಕ ಹಾಕ್ಬೇಕು, ನನ್ನಿಂದಾಗಲ್ಲ. ಮಗ ಅಂತ ಪ್ರೀತಿಯಿಂದ ಕರೀರಿ, ಯಾರು ಬೇಡ ಅಂದ್ರು? ಆದ್ರೆ ಸಾಕಿದೋರು ಹೆತ್ತೋರ ಜಾಗದಲ್ಲಿ ನಿಲ್ಲೋ ಹಂಗಿಲ್ಲ. ಸಾಕುಮಕ್ಕಳನ್ನ ಅವರವರ ಅಪ್ಪಂದಿರ ಹೆಸರಿಂದ್ಲೇ ಕರೀಬೇಕು ಅಂತ ಕುರಾನಿನಲ್ಲಿ ನಮಗೆ ಅಪ್ಪಣೆಯಾಗಿದೆ. ಒಬ್ಬನ ಬೇರನ್ನ ಇನ್ನೊಬ್ರ ಅಂಗಳದಲ್ಲಿ ತೋರ್ಸ್ಬಾರ್ದು."

ಅಣ್ಣ ತನ್ನ ಅಂಗೈ ನೋಡಿಕೊಂಡ. "ಇಷ್ಟು ವರ್ಷ ನಾನು ಮಾಡಿದ್ದು ಪಾಪಾನಾ?"

"ಗೊತ್ತಿಲ್ದೆ ಆದ ತಪ್ಪಿಗೆ ಪಾಪ ಇಲ್ಲ ಅಂತ ಅದೇ ಕಡೆ ಹೇಳಿದೆ. ಗೊತ್ತಾದ್ಮೇಲೂ ಬೇಕಂತ ಹಿಡ್ಕೊಂಡ್ರೆ ಅದು ಬೇರೆ ಮಾತು."

"ಅಂದ್ರೆ ನಿನ್ನೇವರ್ಗೂ ಮಾಫು, ಇವತ್ತಿಂದ ಲೆಕ್ಕ ಶುರು?"

"ಹೆಚ್ಚು ಕಡಿಮೆ ಹಂಗೇ" ಎಂದು ಇಮಾಮರು ನಕ್ಕರು.

ಅಣ್ಣ ನಗಲಿಲ್ಲ. ಧಡಕ್ಕನೆ ಎದ್ದ. "ಹೆಸರು ಕೊಟ್ಟು ಕಿತ್ಕೊಳ್ಳೋ ಜಾತಿ ನಂದಲ್ಲ. ಇವ್ನು ನನ್ನ ಮಗ. ಮದ್ವೇನೂ ಬೇಡ, ಏನೂ ಬೇಡ!" ಎಂದವನೇ ಬಾಗಿಲಲ್ಲಿ ಸಿಕ್ಕಿದ ಚಪ್ಪಲಿ ಮೆಟ್ಟಿಕೊಂಡು ನಡೆದುಬಿಟ್ಟ. ಮೆಟ್ಟಿಕೊಂಡದ್ದು ಇಮಾಮರ ಚಪ್ಪಲಿ. ಅರ್ಧ ಕಾಲು ಹಿಂದೆ ನೆಲಕ್ಕೆ ಬಡಿಯುತ್ತಿದ್ದರೂ ಆ ಸಿಟ್ಟಿನಲ್ಲಿ ಅವನಿಗೆ ಗೊತ್ತಾಗಲಿಲ್ಲ. ಅಣ್ಣನ ಎಮ್ಮೆಗಾತ್ರದ ಚಪ್ಪಲಿ ಅಲ್ಲೇ ಉಳಿಯಿತು. ಪಾಪ, ಇಮಾಮರು ಅದನ್ನೇ ಎಳೆದುಕೊಂಡು ಓಡಾಡಬೇಕಾಯಿತು.

ಆಮೇಲಿನ ದಿನಗಳನ್ನು ಏನು ಹೇಳಲಿ! ಅಣ್ಣ ಗಂಟುಮೋರೆ ಹಾಕಿಕೊಂಡು ತಗಡಿನ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದ. ಮರಿಪೆಟ್ಟಿಗೆಯಾದರೂ ನನ್ನ ಪರ ಮಾತಾಡುತ್ತಾನೆಂದು ನಾನು ಕಾದೆ. ಅವನು ನನ್ನ ಬಾಗಿಲಲ್ಲಿ ನಿಂತು, "ಅಪ್ಪನಿಗೆ ನೋವಾಗೋ ಮದ್ವೆ ನನಗೆ ಬೇಡ. ಅವರ ಹೆಗಲ ಮೇಲೆ ಬೆಳ್ದಿದೀನಿ" ಎಂದ. ಕಣ್ಣು ಒದ್ದೆಯಾಗಿತ್ತು. ನನಗೆ ಅಳು ಬರಬೇಕಿತ್ತು, ಬಂದದ್ದು ಕೋಪ. ಕುಂಚ ಎಸೆದು ನೇರ ಮುಂದಿನ ಕೋಣೆಗೆ ನುಗ್ಗಿದೆ.

"ಅಣ್ಣಾ, ನನ್ನ ಮುಖ ನೋಡಿ ಮಾತಾಡು. ಅವನನ್ನ ಮಗ ಅಂತ ಇಟ್ಕೋ, ತಲೆ ಮೇಲೆ ಬೇಕಾದ್ರೂ ಕೂರಿಸ್ಕೋ. ನಾನೇನು ಅವನನ್ನ ನಿನ್ನಿಂದ ಕಿತ್ಕೊಂಡು ಓಡಿ ಹೋಗ್ತಿದೀನಾ? ಇದೇ ಬೀದಿ, ಇದೇ ಅಂಗಡಿ, ಇದೇ ಕಿವಿ ಒಡೆಯೋ ಗಲಾಟೆ!"

"ನಿಂಗೇನು ಗೊತ್ತು? ನಂಗೆ ಯಾರಿದಾರೆ? ನಾನು ಕಣ್ಣು ಮುಚ್ಚಿದ್ಮೇಲೆ ಪೆಟ್ಟಿಗೆ ಅನ್ನೋ ಹೆಸರು ಹೇಳೋಕೆ ಒಬ್ಬನಾದ್ರೂ ಬೇಡ್ವಾ?" ಅಣ್ಣನ ಧ್ವನಿ ಒಡೆದಿತ್ತು. ಅವನ ಸಂಕಟ ಇದು ಎಂದು ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ.

ಮರಿಪೆಟ್ಟಿಗೆ ನನ್ನ ಹಿಂದೆಯೇ ಬಂದು ನಿಂತಿದ್ದ. ಅಣ್ಣ ಅವನತ್ತ ನೋಡದೆ, ಕೈಯಲ್ಲಿದ್ದ ತಗಡಿನ ಅಂಚು ಮಡಿಸುತ್ತಾ ಕೇಳಿದ: "ಏನೋ, ನಿಂಗೆ ನಿಮ್ಮಪ್ಪ ನೆನಪಿದಾನಾ?"

"ವಾಸನೆ ನೆನಪಿದೆ" ಎಂದ ಅವನು. "ಒದ್ದೆ ಹಗ್ಗದ್ದು. ಬೇರೇನಿಲ್ಲ."

"ಕೇಳ್ಬೇಕು ಅನ್ನಿಸ್ಲಿಲ್ವೇನೋ ಒಂದಿನಾನೂ?"

"ಅನ್ನಿಸ್ತಿತ್ತು. ಹೊಳೆ ದಂಡೆಗೆ ಹೋದಾಗೆಲ್ಲ ಅನ್ನಿಸ್ತಿತ್ತು. ಕೇಳಿದ್ರೆ ನಿಮಗೆ ಬೇಜಾರಾಗುತ್ತೆ ಅಂತ ಸುಮ್ಮನಿದ್ದೆ."

ಅಣ್ಣನ ಕೈ ನಿಂತಿತು. ಸುತ್ತಿಗೆ ಕೆಳಗಿಟ್ಟು ಹೊರಗೆ ಹೋದ. ಇಮಾಮರ ಪುಟ್ಟ ಚಪ್ಪಲಿಯಲ್ಲೇ ಹೋದ. ಹೊಳೆಯ ಕಡೆ ಹೋದನೆಂದು ಆಮೇಲೆ ಬೀದಿಯವರು ಹೇಳಿದರು.

ಮರುದಿನದಿಂದ ಅವನು ಮೂಲೆಯಲ್ಲಿ ನಮಗೆ ಬೆನ್ನು ಹಾಕಿ ಕೂತು ಏನನ್ನೋ ಅರದಲ್ಲಿ ಉಜ್ಜತೊಡಗಿದ. ಹತ್ತಿರ ಹೋದರೆ ಮಡಿಲಲ್ಲಿ ಮುಚ್ಚಿಕೊಳ್ಳುತ್ತಿದ್ದ. "ಏನ್ರೀ ಅದು?" ಎಂದು ಅತ್ತಿಗೆ ಕೇಳಿದರೆ, "ನಿನ್ನ ತಲೆ" ಎಂದು ಉತ್ತರ. ಯಾವುದೋ ಬೀಗ ರಿಪೇರಿ ಎಂದುಕೊಂಡೆ ನಾನು. ಮನಸ್ಸಿನಲ್ಲಿ ಮದುವೆಯ ಆಸೆಯನ್ನು ಮಡಚಿಟ್ಟು, ಮುಚ್ಚಳಗಳ ಮೇಲೆ ಹೂವಿಗೆ ಬದಲು ಬರೀ ಎಲೆ ಬರೆಯತೊಡಗಿದ್ದೆ. ಗಿರಾಕಿಗಳೂ ಕೇಳಿದರು, ಯಾಕಮ್ಮ ಈ ಸಲ ಎಲ್ಲ ಹಸಿರು ಎಂದು.

ಒಂದು ಬೆಳಿಗ್ಗೆ ಅಣ್ಣ ಎಲ್ಲರನ್ನೂ ಕೂಗಿ ಕರೆದ. ಕಟ್ಟೆಯ ಮೇಲೆ ಹೊಸ ಪೆಟ್ಟಿಗೆಯೊಂದು ಬಾಯಿ ತೆರೆದುಕೊಂಡಿತ್ತು, ಮದುವಣಗಿತ್ತಿಯ ಬಟ್ಟೆ ಹಿಡಿಯುವಷ್ಟು ದೊಡ್ಡದು. ಮನೆಯ ಅಚ್ಚು ಮುಚ್ಚಳದ ಒಳಗೆ ಆಗಲೇ ಬಿದ್ದಿತ್ತು. ಅಣ್ಣ ಜೇಬಿನಿಂದ ಬೆರಳುದ್ದದ ಉಕ್ಕಿನ ತುಂಡು ತೆಗೆದು ಮರಿಪೆಟ್ಟಿಗೆಯ ಕೈಗಿಟ್ಟ.

"ಕೈ ಪಳಗಿದ ಕೆಲಸಗಾರನಿಗೆ ಸ್ವಂತ ಅಚ್ಚು ಇರ್ಬೇಕು. ನಿಂಗೆ ಕೊಡ್ದೇ ಇದ್ದಿದ್ದು ನನ್ನ ತಪ್ಪು. ನಮ್ಮಿಬ್ರದೂ ಒಂದೇ ಅಲ್ವಾ ಅಂತ ಮನೆ ಅಚ್ಚಲ್ಲೇ ಸಾಗಿಸ್ತಿದ್ದೆ. ಹೊಡಿ."

ಅವನು ಅಚ್ಚನ್ನು ತಗಡಿಗಿಟ್ಟು ಒಂದೇ ಏಟು ಹೊಡೆದ. ನಾವೆಲ್ಲ ಬಗ್ಗಿ ನೋಡಿದೆವು. ಪುಟ್ಟ ಪೆಟ್ಟಿಗೆಯ ಪಕ್ಕದಲ್ಲಿ ಇನ್ನೊಂದು ಚಿತ್ರ ಮೂಡಿತ್ತು.

"ಇದೇನ್ರೀ, ಚಪ್ಪಲಿ?" ಎಂದಳು ಅತ್ತಿಗೆ.

"ಚಪ್ಪಲಿ ಅಲ್ವೇ, ದೋಣಿ! ದೋಣಿ ಕಾಣ್ಸಲ್ವಾ ನಿಂಗೆ? ಇಗೋ ಹುಟ್ಟು, ಇಗೋ ಮೂತಿ!"

ಕಾಣುತ್ತಿದ್ದದ್ದು ಚಪ್ಪಲಿಯೇ. ಅಷ್ಟು ದಿನ ಇಮಾಮರ ಚಪ್ಪಲಿ ಕಣ್ಣೆದುರಿಗೇ ಇದ್ದದ್ದಕ್ಕೋ ಏನೋ. ಅತ್ತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕಳು, ನಾನು ನಕ್ಕೆ, ಅಣ್ಣ ಸಿಟ್ಟು ಮಾಡಲು ಹೋಗಿ ತಾನೂ ನಕ್ಕ. ಮರಿಪೆಟ್ಟಿಗೆ ಒಬ್ಬನೇ ನಗಲಿಲ್ಲ. ಅಚ್ಚನ್ನು ಮುಷ್ಟಿಯಲ್ಲಿ ಬಿಗಿದುಕೊಂಡು ಅಣ್ಣನ ಹೆಗಲಿಗೆ ಮುಖವಿಟ್ಟು ನಿಂತುಬಿಟ್ಟ. ಅಷ್ಟುದ್ದದ ಆಸಾಮಿ ಅಣ್ಣನ ಹೆಗಲು ಮುಟ್ಟಲು ಒಂದು ಗೇಣು ಬಗ್ಗಬೇಕಾಯಿತು.

ಅಣ್ಣ ಚಪ್ಪಲಿ ಬದಲಾಯಿಸುವ ನೆಪದಲ್ಲಿ ಇಮಾಮರ ಹತ್ತಿರ ಹೋದ. ನಾವೂ ಹಿಂದೆಯೇ ಹೋದೆವು. ಒಪ್ಪಿದ್ದನಾದರೂ ಅವನ ಮನಸ್ಸಿನಲ್ಲಿ ಎರಡು ಪ್ರಶ್ನೆ ಕೊರೆಯುತ್ತಿದ್ದವು.

"ಹಜರತ್, ಇವ್ನು ದೋಣಿ ಆದ ಅನ್ಕೊಳ್ಳಿ. ಮದ್ವೆ ಆದ್ಮೇಲೆ ನನ್ನ ತಂಗಿ?"

"ಅವಳು ಯಾಕೆ ಬದಲಾಗ್ಬೇಕು? ಅವಳು ನಿಮ್ಮಪ್ಪನ ಮಗಳು. ಗಂಡನ ಮನೆಗೆ ಹೋಗ್ತಾಳೆ, ಗಂಡನ ವಂಶಕ್ಕೆ ಹುಟ್ಟಲ್ಲವಲ್ಲ. ಕೊನೇವರ್ಗೂ ಅವಳ ಹೆಸರು ಪೆಟ್ಟಿಗೇನೇ."

ಅಣ್ಣ ತಿರುಗಿ ನನ್ನತ್ತ ನೋಡಿದ ರೀತಿ ಇದೆಯಲ್ಲ! ಅಷ್ಟು ವರ್ಷ ಮನೆಯ ಮೂಲೆಯಲ್ಲೇ ಇದ್ದ ಚಿನ್ನವನ್ನು ಈಗ ನೋಡಿದವನ ಹಾಗೆ. "ಹೌದಲ್ಲ, ನೀನೊಬ್ಳು ಇದೀಯ!" ಎಂದ.

"ಈಗ ನೆನಪಾದ್ನಾ ನಾನು? ಬಡಿದಾಡಿ ಬಡಿದಾಡಿ ಗಂಟಲು ಹರೀತು ನಂದು" ಎಂದು ನಾನು ರೇಗಿದೆ. ಒಳಗೆ ಸಂತೋಷ ಉಕ್ಕುತ್ತಿತ್ತು.

"ಮತ್ತೆ ಅಂಗಡಿ? ನಾಳೆ ಇವ್ನೇ ನಡ್ಸೋನು. ಬೋರ್ಡಲ್ಲಿ ಪೆಟ್ಟಿಗೆ ಅಂತ ಇರ್ಬಹುದಾ?"

ಇಮಾಮರು ಹಣೆಯ ಕನ್ನಡಕವನ್ನು ಮೂಗಿಗೆ ಇಳಿಸಿದರು. "ಸಾಹೇಬ್ರೇ, ಅಂಗಡಿಗೆ ಅಪ್ಪ ಅಮ್ಮ ಇಲ್ಲ. ಏನು ಬೇಕಾದ್ರೂ ಇಡಿ. ಸಾಕುಮಗನಿಗೆ ಆಸ್ತಿ ತಾನಾಗೇ ಬರಲ್ಲ, ಅದಕ್ಕೆ ಅಂಗಡೀನ ನೀವು ಕಣ್ಣು ಬಿಟ್ಕೊಂಡಿರೋವಾಗ್ಲೇ ಇವನ ಕೈಗೆ ಕೊಟ್ರೂ ಸಂತೋಷ. ಮೊದ್ಲು ನನ್ನ ಚಪ್ಪಲಿ ಕೊಡಿ."

ಹೆಸರು ತಿದ್ದಿಸಲು ಕಚೇರಿಗೆ ಹೋದಾಗ ಅಲ್ಲಿನ ಗುಮಾಸ್ತ ಮರಿಪೆಟ್ಟಿಗೆಯನ್ನು ಮೇಲಿಂದ ಕೆಳಗೆ ನೋಡಿ, "ಇಷ್ಟು ವಯಸ್ಸಾದ್ಮೇಲೆ ಅಪ್ಪನ್ನ ಬದ್ಲಾಯಿಸ್ತೀರೇನ್ರೀ?" ಎಂದನಂತೆ. ಪಕ್ಕದಲ್ಲಿ ನಿಂತಿದ್ದ ಅಣ್ಣ, "ಇಬ್ರೂ ಇರ್ತೀವಿ ಸ್ವಾಮಿ. ಹೆಸರು ಮಾತ್ರ ಅವನ್ದು. ನೀವು ಬರೀರಿ" ಎಂದನಂತೆ. ಗುಮಾಸ್ತನಿಗೆ ಏನು ಅರ್ಥವಾಯಿತೋ, ಅಂತೂ ಬರೆದುಕೊಂಡ.

ನಿಕಾಹ್ ನಮ್ಮ ಅಂಗಡಿಯಲ್ಲೇ ನಡೆಯಿತು. ತಗಡಿನ ಚೂರು ಗುಡಿಸಿ, ಪೆಟ್ಟಿಗೆಗಳನ್ನು ಗೋಡೆಗೆ ಪೇರಿಸಿ, ನೆಲಕ್ಕೆ ಚಾಪೆ ಹಾಸಿದ್ದರು. ಗಂಡು ಹೆಣ್ಣಿಗೆ ಕೊಡಬೇಕಾದ ಮಹರ್‌ಗೆ ಏನು ಬೇಕೆಂದು ಕೇಳಿದಾಗ ನಾನು ಒಂದು ಕಟ್ಟು ಒಳ್ಳೆಯ ಕುಂಚ ಕೇಳಿದೆ. ಅತ್ತಿಗೆ ಹಣೆ ಚಚ್ಚಿಕೊಂಡಳು. ಹಿಂದಿನ ಕೋಣೆಯ ಬಾಗಿಲ ಪರದೆಯ ಈಚೆ ನಾನೂ ಅತ್ತಿಗೆಯೂ, ಆಚೆ ಬೀದಿಯ ಗಂಡಸರೆಲ್ಲ. ಇಮಾಮರು ಬಂದು ನನ್ನ ಒಪ್ಪಿಗೆ ಕೇಳಿದರು. ಅವರ ಮಾತು ಮುಗಿಯುವ ಮೊದಲೇ ಹೂಂ ಎಂದೆ. "ಪೂರ್ತಿ ಕೇಳಿ ಹೇಳೇ" ಎಂದು ಅತ್ತಿಗೆ ಚಿವುಟಿದಳು.

ಅಪ್ಪ ಇಲ್ಲದ ಹುಡುಗಿಯನ್ನು ನಿಕಾಹ್‌ನ ಮಾತು ಹೇಳಿ ಒಪ್ಪಿಸಿಕೊಡಬೇಕಾದವನು ಅಣ್ಣ. ಇಮಾಮರು ಅವನಿಗೆ ಮೊದಲೇ ಹೇಳಿಕೊಟ್ಟಿದ್ದರು. ಹೊಸ ಅಂಗಿ ತೊಟ್ಟು, ಗಂಟಲು ಸರಿಮಾಡಿಕೊಂಡು, ಸದ್ದಿನ ಅಂಗಡಿಯಲ್ಲಿ ಬೆಳೆದ ತನ್ನ ದೊಡ್ಡ ಧ್ವನಿಯಲ್ಲಿ ಅವನು ಶುರು ಮಾಡಿದ.

"ನನ್ನ ತಂಗೀನ... ನನ್ನ ಮಗನಿಗೆ..."

ಅಂಗಡಿಯ ತುಂಬ ನಗು ಸಿಡಿಯಿತು. "ದೊಡ್ಡಪೆಟ್ಟಿಗೆ ಸಾಬ್ರೇ, ಊರಿಗೆಲ್ಲ ಕೇಳಿಸ್ತು!" ಎಂದು ಬಣ್ಣದಂಗಡಿಯವನು ಕೂಗಿದ. ಇಮಾಮರು ಕೈಯೆತ್ತಿ, "ಇನ್ನೊಂದ್ಸಲ" ಎಂದರು.

"ನನ್ನ ತಂಗೀನ ನನ್ನ..." ಮತ್ತೆ ಅಲ್ಲಿಗೇ ಬಂದು ನಿಂತ. ಪರದೆಯ ಈಚೆ ನಾನು ಹಲ್ಲು ಕಡಿಯುತ್ತಿದ್ದೆ, ಇವನು ಹೀಗೇ ಮಾಡಿದರೆ ನಾನು ಮುದುಕಿಯಾಗುವವರೆಗೂ ಅತ್ತೆಯೇ ಎಂದು. ಆದರೆ ಮೂರನೆಯ ಸಲ ಅವನು ಬಾಯಿ ತೆರೆಯುವ ಮೊದಲು ಮತ್ತೊಮ್ಮೆ ಗಂಟಲು ಸರಿಮಾಡಿಕೊಂಡ. ಆಮೇಲೆ ಅವನು ಮದುಮಗನ ಹೆಸರು ಹೇಳಿದ. ಅದರ ಹಿಂದೆಯೇ ತನ್ನ ಗೆಳೆಯನ ಹೆಸರು ಹೇಳಿದ. ಆ ಗೆಳೆಯನ ಅಪ್ಪನ ಹೆಸರೂ ಹೇಳಿದ. ಕೊನೆಗೆ ದೋಣಿ ಎಂದ. ಅಷ್ಟು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದದ್ದನ್ನು ಒಂದೊಂದಾಗಿ ಹೊರಗಿಟ್ಟ ಹಾಗೆ, ನಿಧಾನವಾಗಿ, ತಪ್ಪಿಲ್ಲದೆ.

"ಒಪ್ಪಿದೆ" ಎಂದ ಮರಿಪೆಟ್ಟಿಗೆ. ಅಳುತ್ತಲೇ ಹೇಳಿದ, ಆದರೂ ಎಲ್ಲರಿಗೂ ಕೇಳಿಸಿತು.

ಊಟವಾಗಿ ನೆಂಟರೆಲ್ಲ ಹೊರಟ ಮೇಲೆ ಬಿಸಿಲು ಇನ್ನೂ ಬಾಗಿಲಲ್ಲೇ ಇತ್ತು. ನಾವು ನಾಲ್ಕೂ ಜನ ಚಾಪೆಯ ಮೇಲೆ ಕಾಲು ಚಾಚಿ ಕೂತಿದ್ದೆವು. ನನ್ನ ಗಂಡ ಅಣ್ಣನ ಮುಂದೆ ಕೂತು, ಮೆಲ್ಲಗೆ, "ಇನ್ಮೇಲೆ ನಿಮ್ಮನ್ನ ಏನಂತ ಕರೀಲಿ? ಭಾವ ಅನ್ಬೇಕಾ?" ಎಂದ.

"ಭಾವ ಅಂದ್ರೆ ಹಲ್ಲು ಉದುರಿಸ್ತೀನಿ" ಎಂದ ಅಣ್ಣ. "ಬರೆಯೋವಾಗ ದೋಣಿ ಅಂತ ಬರಿ. ಕರೆಯೋಕೆ ಹೊಸದೇನೂ ಬೇಡ. ಹಜರತ್ ಹತ್ರ ಕೇಳ್ಕೊಂಡೇ ಬಂದಿದೀನಿ."

ಸ್ವಲ್ಪ ಹೊತ್ತು ಬಿಟ್ಟು ಅವನೇ ಮತ್ತೆ ಬಾಯಿ ತೆರೆದ, ಯಾರೂ ಕೇಳದೆಯೇ. "ನಿಮ್ಮಪ್ಪಂಗೆ ಈಜು ಬರ್ತಿರ್ಲಿಲ್ಲ ಗೊತ್ತಾ? ಹುಟ್ಟಿದಾಗಿಂದ ದೋಣೀಲೇ ಇದ್ದೋನು, ಮೊಣಕಾಲು ನೀರಿಗಿಳಿದ್ರೆ ಸಾಕು ಕಿರುಚೋನು."

"ಸುಳ್ಳು!" ಎಂದ ನನ್ನ ಗಂಡ. ಅವನ ಕಣ್ಣು ಅಗಲವಾಗಿತ್ತು.

"ನಿಜವಾಗ್ಲೂ ಕಣೋ. ಒಂದ್ಸಲ ನನ್ನ ತಗಡಿನ ಹೊರೆ ತರ್ತಾ, ಏನೋ ತಮಾಷೆ ಹೇಳೋಕೆ ಎದ್ದು ನಿಂತು ಪೂರ್ತಿ ಹೊರೆ ಹೊಳೆಗೆ ಬೀಳಿಸ್ದ. ನಾನು ದಡದಲ್ಲಿ ನಿಂತು ತಲೆ ಮೇಲೆ ಕೈ ಹೊತ್ಕೊಂಡಿದೀನಿ, ಇವ್ನು ಅಲ್ಲಿಂದ್ಲೇ ಕೂಗ್ತಾನೆ, 'ಇರ್ಲಿ ಬಿಡಪ್ಪಾ, ಮೀನಿಗೂ ಪೆಟ್ಟಿಗೆ ಬೇಡ್ವಾ!' ಅಂತ."

ಅತ್ತಿಗೆ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು. ನನ್ನ ಗಂಡ ನಗುತ್ತಿದ್ದನೋ ಅಳುತ್ತಿದ್ದನೋ ನನಗೆ ಗೊತ್ತಾಗಲಿಲ್ಲ, ಎರಡೂ ಇರಬೇಕು. ಮೀಸೆ ಒರೆಸಿಕೊಂಡು, ಚಿಕ್ಕ ಮಕ್ಕಳ ಹಾಗೆ ಇನ್ನಷ್ಟು ಮುಂದಕ್ಕೆ ಸರಿದು ಕೂತ.

"ಅಪ್ಪಾ, ಅಪ್ಪಂದು ಇನ್ನೊಂದು ಹೇಳಿ" ಎಂದ.

ಅಣ್ಣ ಗೋಡೆಗೆ ಒರಗಿ ಕಾಲು ಮಡಿಸಿಕೊಂಡು ಹೇಳತೊಡಗಿದ.